ಮಾರುಕಟ್ಟೆ ತಾನಾಗಿ ಸಂಕೋಲೆ ಕಳಚೀತೇ?

ಅಮೆರಿಕದ ಗುಲಾಮಗಿರಿ ಆರ್ಥಿಕವಾಗಿ ಸೊರಗಿದ ವ್ಯವಸ್ಥೆಯಾಗಿತ್ತು. ಅಂತರ್ಯುದ್ಧ ನಡೆಯದಿದ್ದರೂ ಅದು ತಾನಾಗಿಯೇ ಅಳಿಯುತ್ತಿತ್ತು ಎಂಬ ನಂಬಿಕೆ ವಿದ್ವಾಂಸರಲ್ಲಿ ಬಹುಕಾಲ ಬೇರೂರಿತ್ತು. 1918ರಲ್ಲಿ ಪ್ರಕಟವಾದ ಇತಿಹಾಸಕಾರ ಉಲ್ರಿಚ್ ಫಿಲಿಪ್ಸ್ ಅವರ ಗ್ರಂಥ ಈ ನಂಬಿಕೆಗೆ ಶಾಸ್ತ್ರೀಯ ಮುದ್ರೆಯೊತ್ತಿತು. ಹತ್ತಿಯ ಬೆಲೆಗೆ ಹೋಲಿಸಿದರೆ ಗುಲಾಮರ ಬೆಲೆ ವಿಪರೀತ ಏರಿತ್ತು, ಹೀಗಾಗಿ ತೋಟದ ಒಡೆಯರಿಗೆ ಅದು ಗಿಟ್ಟುತ್ತಿರಲಿಲ್ಲ ಎಂಬುದು ಅವರ ವಾದದ ತಿರುಳು.

ಈ ವಾದ ಮನಸ್ಸಿಗೆ ಹಿತವಾಗಿದೆ. ಅದನ್ನು ನಾನು ಸಂಶಯದಿಂದ ನೋಡುವುದೂ ಆ ಕಾರಣಕ್ಕಾಗಿಯೇ. ಅನ್ಯಾಯವು ನಷ್ಟದ ಬಾಬೂ ಆಗಿದ್ದರೆ, ಅದರ ವಿರುದ್ಧ ಯಾರೂ ಹೋರಾಡಬೇಕಾಗಿಲ್ಲವಲ್ಲ!

1958ರಲ್ಲಿ ಆಲ್ಫ್ರೆಡ್ ಕಾನ್ರಾಡ್ ಮತ್ತು ಜಾನ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕವನ್ನು ಹೊಸದಾಗಿ ಹಾಕಿದರು. ಗುಲಾಮರ ಮೇಲೆ ಹೂಡಿದ ಬಂಡವಾಳಕ್ಕೆ ಅಂದಿನ ಇತರ ಹೂಡಿಕೆಗಳಷ್ಟೇ ಪ್ರತಿಫಲ ಬರುತ್ತಿತ್ತೆಂದು ತೋರಿಸಿದರು. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ ಆಗಿತ್ತು. ಸಾಯುತ್ತಿರುವ ವ್ಯವಸ್ಥೆಗೆ ಯಾರು ತಾನೇ ದುಬಾರಿ ಬೆಲೆ ತೆತ್ತಾರು?

ಇದರ ಬೆನ್ನಿಗೇ ಮತ್ತೊಂದು ಅತಿರೇಕವೂ ಬಂತು. ಅಮೆರಿಕದ ಸಮಸ್ತ ಸಂಪತ್ತೂ ಗುಲಾಮರ ಹತ್ತಿಯಿಂದಲೇ ಬಂದದ್ದೆಂದು ಇತ್ತೀಚಿನ ಕೆಲವರ ಪ್ರತಿಪಾದನೆ. ಇದನ್ನೂ ಒಪ್ಪುವುದು ಕಷ್ಟ. ಯುದ್ಧದ ಮುನ್ನಾದಿನಗಳಲ್ಲಿ ಹತ್ತಿ ರಫ್ತಿನ ಮೌಲ್ಯ ರಾಷ್ಟ್ರೀಯ ಉತ್ಪನ್ನದ ಶೇ 5ರ ಆಸುಪಾಸಿನಲ್ಲಿತ್ತು. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೂ ಹತ್ತಿ ಬೆಳೆ ಕುಸಿದುಹೋಗಲಿಲ್ಲ. 1880ರ ಹೊತ್ತಿಗೆ ಅದು ಯುದ್ಧಪೂರ್ವದ ಮಟ್ಟವನ್ನು ಮೀರಿತ್ತು. ಅಂದರೆ ಒಡೆಯರಿಗೆ ಗುಲಾಮಗಿರಿ ಲಾಭಕರವಾಗಿತ್ತು, ದೇಶಕ್ಕೆ ಅನಿವಾರ್ಯವಾಗಿರಲಿಲ್ಲ.

ಈ ಕಥೆಗೆ ನಮ್ಮ ನೆಲದ ನಂಟೂ ಇದೆ. 1840ರ ದಶಕದಲ್ಲಿಯೇ ಧಾರವಾಡ ಸೀಮೆಗೆ ಅಮೆರಿಕದ ಹತ್ತಿಬೀಜವನ್ನು ಬ್ರಿಟಿಷರು ತಂದಿದ್ದರು. 1861ರಲ್ಲಿ ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದಾಗ ಲ್ಯಾಂಕಾಶೈರ್‌ನ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದವು. ಬೆಲೆ ಗಗನಕ್ಕೇರಿತು, ಯುದ್ಧ ಮುಗಿದೊಡನೆ ಧರೆಗಿಳಿಯಿತು. ಮಾರುಕಟ್ಟೆ ಹತ್ತಿಯನ್ನು ಅರಸಿತೇ ಹೊರತು, ಅದನ್ನು ಬಿಡಿಸಿದ ಕೈ ಸ್ವತಂತ್ರವೋ ಪರತಂತ್ರವೋ ಎಂದು ಕೇಳಲಿಲ್ಲ.

ಅರ್ಥಶಾಸ್ತ್ರಜ್ಞ ರಾಬರ್ಟ್ ಫೋಗೆಲ್ ಅವರ ನಿಲುವು ಇಲ್ಲಿ ಮನನೀಯ. ಸ್ಟ್ಯಾನ್ಲಿ ಎಂಗರ್‌ಮನ್ ಜತೆಗೂಡಿ 1974ರಲ್ಲಿ ಅವರು ಬರೆದ ಕೃತಿ, ಗುಲಾಮರ ಬದುಕಿನ ಕ್ರೌರ್ಯವನ್ನು ಹಗುರಗೊಳಿಸಿದೆಯೆಂಬ ಟೀಕೆಗೆ ನ್ಯಾಯವಾಗಿಯೇ ಗುರಿಯಾಯಿತು. ಆದರೆ 1989ರ ಕೃತಿಯಲ್ಲಿ ಅವರು ಸ್ಪಷ್ಟವಾಗಿ ಹೇಳಿದ್ದು ಇದು: ಗುಲಾಮಗಿರಿಯನ್ನು ಕೊನೆಗಾಣಿಸಿದ್ದು ಅದರ ಆರ್ಥಿಕ ದೌರ್ಬಲ್ಯವಲ್ಲ, ಅದರ ವಿರುದ್ಧ ನಡೆದ ನೈತಿಕ ಹಾಗೂ ರಾಜಕೀಯ ಹೋರಾಟ.

ಅಭಿವೃದ್ಧಿಯಾದರೆ ಸಾಕು, ಶೋಷಣೆ ತಾನಾಗಿ ಕರಗುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ಅಂಥವರು ಈ ಇತಿಹಾಸವನ್ನೊಮ್ಮೆ ಓದಬೇಕು. ಲಾಭ ತರುವ ಅನ್ಯಾಯ ತಾನಾಗಿ ಸಾಯುವುದಿಲ್ಲ. ಅಮೆರಿಕದಲ್ಲಿ ಅದನ್ನು ಕೊನೆಗಾಣಿಸಲು ಆರು ಲಕ್ಷಕ್ಕೂ ಹೆಚ್ಚು ಸೈನಿಕರ ಪ್ರಾಣ ಹೋಯಿತು. ಆ ಬಳಿಕವೂ ಸಂವಿಧಾನಕ್ಕೆ ತಿದ್ದುಪಡಿ ತರಬೇಕಾಯಿತು.