ಸಾಕಿದವರು ಹೋದ ಮೇಲೆ ನಾಯಿಗೆ ಯಾರು?

ರತನ್ ಟಾಟಾ 2024ರ ಅಕ್ಟೋಬರ್ 9ರಂದು ತೀರಿಕೊಂಡರು. ಅವರ ಜರ್ಮನ್ ಶೆಫರ್ಡ್ ನಾಯಿ ಟಿಟೊ ಉಳಿಯಿತು. ಅದರ ಮುಂದಿನ ಆರೈಕೆಯನ್ನು ಟಾಟಾ ಉಯಿಲಿನಲ್ಲೇ ತಮ್ಮ ಬಹುಕಾಲದ ಅಡುಗೆಯವರಿಗೆ ಒಪ್ಪಿಸಿದ್ದರು. ಸಾಕುಪ್ರಾಣಿಗಳಿಗೆಂದು 12 ಲಕ್ಷ ರೂಪಾಯಿ ತೆಗೆದಿಟ್ಟು, ಮೂರು ತಿಂಗಳಿಗೊಮ್ಮೆ ಪ್ರಾಣಿಯೊಂದಕ್ಕೆ 30,000 ರೂಪಾಯಿಯಂತೆ ಕೊಡಬೇಕೆಂದು ಬರೆದಿದ್ದರೆಂದೂ ವರದಿಯಾಯಿತು. ಜನ ಹೆಚ್ಚಾಗಿ ಮಾತಾಡಿದ್ದು ಈ ಹಣದ ಬಗ್ಗೆ. ಆದರೆ ಆ ಉಯಿಲಿನ ನಿಜವಾದ ಜಾಣ್ಮೆ, ನಾಯಿ ಗುರುತಿಸುವ, ಅದರ ಊಟ ನಿದ್ದೆ ಬಲ್ಲ ಒಬ್ಬ ಮನುಷ್ಯನನ್ನು ಹೆಸರಿಸಿದ್ದರಲ್ಲಿದೆ.

ದುಡ್ಡೊಂದೇ ಸಾಲದು ಎಂಬುದನ್ನು ನ್ಯೂಯಾರ್ಕಿನ ಹೋಟೆಲ್ ಒಡತಿ ಲಿಯೋನಾ ಹೆಲ್ಮ್ಸ್ಲಿಯ ಪ್ರಕರಣ ತೋರಿಸಿಕೊಟ್ಟಿತು. 2007ರಲ್ಲಿ ತೀರಿಕೊಂಡ ಆಕೆ ತನ್ನ ಮಾಲ್ಟೀಸ್ ನಾಯಿ 'ಟ್ರಬಲ್'ಗೆ 1.2 ಕೋಟಿ ಡಾಲರ್ ಬಿಟ್ಟಿದ್ದಳು. ಇಬ್ಬರು ಮೊಮ್ಮಕ್ಕಳಿಗೆ ಬಿಡಿಗಾಸೂ ಇರಲಿಲ್ಲ. ನಾಯಿಯನ್ನು ನೋಡಿಕೊಳ್ಳಬೇಕಿದ್ದ ಆಕೆಯ ತಮ್ಮ ಆಗುವುದಿಲ್ಲ ಎಂದುಬಿಟ್ಟ. ಮರುವರ್ಷ ನ್ಯಾಯಾಲಯ ಮೊತ್ತವನ್ನು 20 ಲಕ್ಷ ಡಾಲರಿಗೆ ಇಳಿಸಿತು. ಕೊನೆಗೆ ಟ್ರಬಲ್‌ಗೆ ಆಸರೆಯಾದದ್ದು ಫ್ಲಾರಿಡಾದಲ್ಲಿದ್ದ ಅವಳದೇ ಹೋಟೆಲೊಂದರ ಮ್ಯಾನೇಜರ್. 2010ರ ಡಿಸೆಂಬರಿನಲ್ಲಿ ಸಾಯುವವರೆಗೂ ನಾಯಿ ಅಲ್ಲೇ ಇತ್ತು. ಒಪ್ಪುತ್ತೀಯಾ ಎಂದು ತಮ್ಮನನ್ನು ಮೊದಲೇ ಕೇಳಿದ್ದರೆ ಇಷ್ಟು ಅಲೆದಾಟ ಇರುತ್ತಿರಲಿಲ್ಲ.

ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಈಗ ಪ್ರಾಣಿಗಾಗಿ ಟ್ರಸ್ಟ್ ಮಾಡಲು ಕಾನೂನಿದೆ. ಕೊನೆಯದಾಗಿ 2016ರಲ್ಲಿ ಮಿನೆಸೋಟ ಸೇರಿಕೊಂಡಿತು. ಭಾರತದಲ್ಲಿ ಹಾಗಿಲ್ಲ. ಇಲ್ಲಿನ ಕಾನೂನಿನ ಕಣ್ಣಲ್ಲಿ ನಾಯಿ ಸ್ವತಃ ಒಂದು ಸ್ವತ್ತು, ಆಸ್ತಿ ಹೊಂದುವ ವ್ಯಕ್ತಿಯಲ್ಲ. ಅದರ ಹೆಸರಿಗೆ ಹಣ ಬರೆದರೆ ನಿಲ್ಲುವುದಿಲ್ಲ. ಹಾಗಾಗಿ ನೋಡಿಕೊಳ್ಳುವವರ ಹೆಸರಿಗೆ ಹಣ ಬರೆದು, ಯಾತಕ್ಕೆಂದು ಸ್ಪಷ್ಟಪಡಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕು. ಒಟ್ಟಿಗೆ ಕೊಡುವುದಕ್ಕಿಂತ ಕಂತಿನಲ್ಲಿ ಕೊಡುವ ಏರ್ಪಾಡು ಮೇಲು. ಪ್ರಾಣಿ ಹೇಗಿದೆ ಎಂದು ಮೂರು ತಿಂಗಳಿಗೊಮ್ಮೆಯಾದರೂ ಯಾರೋ ನೋಡಿದಂತಾಗುತ್ತದೆ. ಬರೆದಿಡದಿದ್ದರೆ ಕಾನೂನು ಕಾಪಾಡೀತೆಂದು ನಂಬುವಂತಿಲ್ಲ: ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ, ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇದು ನಾಚಿಕೆಗೇಡು.

ಒಪ್ಪುವವರು ಯಾರೂ ಇಲ್ಲದಿದ್ದರೆ? ಮಕ್ಕಳು ಪರದೇಶದಲ್ಲಿ, ಮನೆಯಲ್ಲಿ ವಯಸ್ಸಾದವರಿಬ್ಬರು ಮತ್ತು ಒಂದು ನಾಯಿ ಎನ್ನುವ ಸಂಸಾರಗಳು ಬೆಂಗಳೂರು, ಮೈಸೂರಿನಲ್ಲಿ ಎಷ್ಟೋ ಇವೆ. ಅಂಥವರಿಗೆ ಉಳಿಯುವುದು ಶೆಲ್ಟರ್. ಟೆಕ್ಸಾಸಿನ ಎ ಅಂಡ್ ಎಂ ವಿಶ್ವವಿದ್ಯಾಲಯ 1993ರಲ್ಲಿ ಇದಕ್ಕೆಂದೇ ಸ್ಟೀವನ್ಸನ್ ಕೇಂದ್ರವನ್ನು ತೆರೆಯಿತು. ಯಜಮಾನರು ಮೊದಲೇ ದತ್ತಿ ಕಟ್ಟಿರುತ್ತಾರೆ. ಪಶುವೈದ್ಯ ವಿದ್ಯಾರ್ಥಿಗಳು ಪ್ರಾಣಿಗಳ ಜೊತೆ ಅಲ್ಲೇ ವಾಸವಿರುತ್ತಾರೆ.

ಆದರೆ ಎಲ್ಲ ಶೆಲ್ಟರ್‌ಗಳೂ ಹಾಗಿಲ್ಲ, ಮತ್ತು ಸತ್ತವರು ಬಂದು ಲೆಕ್ಕ ಕೇಳುವುದಿಲ್ಲ. ಬದುಕಿದ್ದಾಗಲೇ ಕೇಳಬೇಕು. ವರ್ಜೀನಿಯಾದಲ್ಲಿ ಸರ್ಕಾರಿ, ಖಾಸಗಿ ಶೆಲ್ಟರ್‌ಗಳೆಲ್ಲವೂ ಎಷ್ಟು ಪ್ರಾಣಿಗಳು ಬಂದವು, ಎಷ್ಟು ದತ್ತು ಹೋದವು, ಎಷ್ಟಕ್ಕೆ ದಯಾಮರಣ ಕೊಡಲಾಯಿತು ಎಂದು ಪ್ರತಿ ವರ್ಷ ರಾಜ್ಯಕ್ಕೆ ವರದಿ ಮಾಡಬೇಕು. ಆ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ 2001ರ ನಿಯಮಗಳು ಪ್ರತಿ ಜಿಲ್ಲೆಯಲ್ಲೂ ಪ್ರಾಣಿಹಿಂಸೆ ತಡೆ ಸಂಘ ಇರಬೇಕೆನ್ನುತ್ತವೆ. ಅಂಥ ಸಂಘಗಳ ಶೆಲ್ಟರ್‌ಗಳಲ್ಲೂ ದಾನಿಗಳು ಅದೇ ಮೂರು ಲೆಕ್ಕ ಕೇಳಲಿ. ಮುಂಚೆ ತಿಳಿಸದೆ ಒಂದು ಮಧ್ಯಾಹ್ನ ಹೋಗಿ, ಮರಿಗಳನ್ನಲ್ಲ, ಮುದಿ ನಾಯಿಗಳನ್ನಿಟ್ಟ ಜಾಗ ನೋಡಲಿ.

ಇನ್ನೊಂದು ತೊಡಕಿದೆ. ಉಯಿಲು ತೆರೆಯುವ ಹೊತ್ತಿಗೆ ವಾರಗಳೇ ಕಳೆದಿರಬಹುದು. ನಾಯಿಗೆ ಹಸಿವಾಗುವುದು ಆ ದಿನವೇ. ಬ್ರಿಟನ್ನಿನ ನಾಯಿ ರಕ್ಷಣಾ ಸಂಸ್ಥೆ ಡಾಗ್ಸ್ ಟ್ರಸ್ಟ್ ತನ್ನಲ್ಲಿ ನೋಂದಾಯಿಸಿಕೊಂಡವರಿಗೆ ಜೇಬಿನಲ್ಲಿಟ್ಟುಕೊಳ್ಳುವ ಒಂದು ಕಾರ್ಡ್ ಕೊಡುತ್ತದೆ. ಅಂಥದ್ದನ್ನು ಮನೆಯಲ್ಲೇ ಬರೆದುಕೊಳ್ಳಬಹುದು: ಮನೆಯಲ್ಲಿ ನಾಯಿಯಿದೆ, ಕೀಲಿಕೈ ಪಕ್ಕದ ಮನೆಯವರ ಬಳಿಯಿದೆ, ಲಸಿಕೆ ಪುಸ್ತಕ ಇಂಥ ಕಪಾಟಿನಲ್ಲಿದೆ, ಫೋನ್ ಮಾಡಬೇಕಾದದ್ದು ಇವರಿಗೆ.