ಎಂಜಿನ್ ಬಿಚ್ಚಿ ಕಟ್ಟಿದ ಮೇಲೂ ನಿಲ್ಲದ ಸದ್ದು: ಮತ್ತೆ ಬಿಚ್ಚುವ ಮುನ್ನ...

ಬೆಂಗಳೂರು: ಟ್ಯಾಕ್ಸಿಯನ್ನೇ ನೆಚ್ಚಿಕೊಂಡ ಮಾಲೀಕ ಸಾಲ ಮಾಡಿ ಡೀಸೆಲ್ ಎಂಜಿನ್ ಬಿಚ್ಚಿಸುತ್ತಾನೆ. ಬೋರ್ ಮಾಡಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲ ಮುಗಿದು ಹೊಸ ಪಿಸ್ಟನ್, ರಿಂಗ್, ಬೇರಿಂಗ್‌ಗಳು ಕೂರುತ್ತವೆ. ಕೀಲಿ ತಿರುಗಿಸಿದರೆ ಅದೇ ‘ಟಕ್ ಟಕ್’. ‘ಓಡಿಸುತ್ತ ಓಡಿಸುತ್ತ ಸರಿಹೋಗುತ್ತದೆ’ ಎಂಬ ಸಮಾಧಾನ ಗ್ಯಾರೇಜಿನಲ್ಲಿ ಸಿದ್ಧವಾಗಿಯೇ ಇರುತ್ತದೆ.

ಹೊಸ ರಿಂಗ್‌ಗಳು ಬೋರ್‌ಗೆ ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕೆಂಬುದು ನಿಜ. ಹೈಡ್ರಾಲಿಕ್ ಟ್ಯಾಪೆಟ್‌ಗಳಿದ್ದರೆ, ಅವುಗಳೊಳಗಿನ ಗಾಳಿ ಹೊರಹೋಗುವ ತನಕ ಸದ್ದು ಮಾಡುವುದೂ ಸಹಜವೇ. ಆದರೆ ಎಂಜಿನ್ ಬಿಸಿಯಾದಷ್ಟೂ, ಲೋಡ್ ಬಿದ್ದಷ್ಟೂ ಹೆಚ್ಚುವ ಮಂದವಾದ ಬಡಿತ ತಾನಾಗಿ ವಾಸಿಯಾಗುವ ಜಾತಿಯದಲ್ಲ.

ಪರೀಕ್ಷೆ ಆಯಿಲ್ ಒತ್ತಡದಿಂದಲೇ ಆರಂಭವಾಗಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದೆಯೆಂದು ನೆಮ್ಮದಿಯಿಂದಿರುವುದು ತಪ್ಪು. ಒತ್ತಡ ತೀರಾ ಕುಸಿದಾಗ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಸ್ವಿಚ್ ಬಿಚ್ಚಿ ಅಲ್ಲಿ ಗೇಜ್ ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ಅಳೆದು, ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಒತ್ತಡ ಕಡಿಮೆಯಿದ್ದರೆ ಆಯಿಲ್ ಪಂಪ್, ಅದರ ಹೀರುಕೊಳವೆ ಅಥವಾ ಬೇರಿಂಗ್‌ಗಳ ಸಂದಿನ ಮೇಲೆ ಅನುಮಾನಪಡಬೇಕಾಗುತ್ತದೆ.

ಮುಂದಿನ ಪ್ರಶ್ನೆ, ಸದ್ದು ಯಾವಾಗ ಕೇಳಿಸುತ್ತದೆ ಎಂಬುದು. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ತಗ್ಗಿದರೆ ಪಿಸ್ಟನ್ ಬೋರಿನ ಗೋಡೆಗೆ ಬಡಿಯುತ್ತಿರಬಹುದು. ಬೋರ್ ಹೆಚ್ಚು ಕೊರೆಯಲ್ಪಟ್ಟಿದ್ದರೆ ಅಥವಾ ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತನ್ನು ನೋಡದೆ ತಿರುವುಮುರುವಾಗಿ ಕೂರಿಸಿದ್ದರೆ ಹೀಗಾಗುತ್ತದೆ. ಆಕ್ಸಿಲರೇಟರ್ ಬಿಟ್ಟ ಕ್ಷಣ ಬಡಿತ ಸ್ಪಷ್ಟವಾದರೆ ಕನೆಕ್ಟಿಂಗ್ ರಾಡ್‌ನ ಬಿಗ್ ಎಂಡ್ ಬೇರಿಂಗ್ ಕಡೆಗೆ ಬೆರಳು ತೋರುತ್ತದೆ. ವಾಲ್ವ್‌ಗಳ ಸದ್ದು ಇದಕ್ಕಿಂತ ಹಗುರ. ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ ತಾಳವೂ ನಿಧಾನ.

ಯಾವ ಸಿಲಿಂಡರಿನದೆಂದು ತಿಳಿಯಲು ಹಳೆಯ ಮೆಕ್ಯಾನಿಕ್‌ಗಳು ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಈ ಪ್ರಯೋಗ ಅಪಾಯಕಾರಿ. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ಮೀರುವುದುಂಟು, ಚಿಮ್ಮಿದ ಧಾರೆ ಚರ್ಮವನ್ನೇ ಸೀಳಿ ಒಳನುಗ್ಗಬಲ್ಲದು. ಅಂಥ ವಾಹನಗಳಲ್ಲಿ ಸ್ಕ್ಯಾನರ್ ಮೂಲಕವೇ ಇಂಜೆಕ್ಟರ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬೇಕು.

ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೂರನೆಯ ಸಿಲಿಂಡರ್ ನಿಲ್ಲಿಸಿದೊಡನೆ ಸದ್ದಡಗಿತು ಎನ್ನೋಣ. ಬೇರಿಂಗ್ ಹೋಗಿದೆಯೆಂದು ಎಂಜಿನ್ ಇಳಿಸುವ ಆತುರ ಬೇಡ. ಸೋರುವ ಇಂಜೆಕ್ಟರ್ ಕೂಡ ಥೇಟ್ ಹಾಗೆಯೇ ಬಡಿಯುತ್ತದೆ, ಅದನ್ನು ನಿಲ್ಲಿಸಿದಾಗಲೂ ಸದ್ದು ಮಾಯವಾಗುತ್ತದೆ. ಆ ಇಂಜೆಕ್ಟರನ್ನು ಒಂದನೆಯ ಸಿಲಿಂಡರಿಗೆ ಬದಲಿಸಿ ನೋಡಬೇಕು. ಕೋಡ್ ಇರುವ ಇಂಜೆಕ್ಟರ್‌ಗಳಾದರೆ ಹೊಸ ಜಾಗದ ಕೋಡನ್ನು ಸ್ಕ್ಯಾನರ್‌ನಲ್ಲಿ ನಮೂದಿಸಬೇಕು. ಸದ್ದು ಅದರ ಬೆನ್ನು ಹತ್ತಿ ಹೋದರೆ ತಪ್ಪು ಇಂಜೆಕ್ಟರಿನದು, ಮೂರರಲ್ಲೇ ಉಳಿದರೆ ಆ ಸಿಲಿಂಡರಿನ ಪಿಸ್ಟನ್, ಪಿನ್ ಅಥವಾ ರಾಡ್‌ನದು. ಎಲ್ಲ ಸಿಲಿಂಡರ್‌ಗಳೂ ಒಟ್ಟಿಗೆ ಗಡಸಾಗಿ ಬಡಿಯುತ್ತಿದ್ದರೆ ಪಂಪಿನ ಟೈಮಿಂಗ್ ಮುಂದಾಗಿದೆಯೇ ಎಂದು ಪರಿಶೀಲಿಸುವುದು ಲೇಸು.

ಸಡಿಲವಾದ ಫ್ಲೈವ್ಹೀಲ್ ಬೋಲ್ಟ್, ಪುಲ್ಲಿ, ಆಲ್ಟರ್ನೇಟರ್ ಬ್ರಾಕೆಟ್‌ಗಳೂ ಎಂಜಿನ್ ಒಳಗಿನ ಬಡಿತವನ್ನು ಅನುಕರಿಸುತ್ತವೆ. ಇವನ್ನು ನೋಡದೆ ಎಂಜಿನ್ ಇಳಿಸಿದರೆ ಬೆಟ್ಟ ಅಗೆದು ಇಲಿ ಹಿಡಿದಂತೆ.

ಇಷ್ಟಾಗಿಯೂ ಸಂಪ್ ಬಿಚ್ಚಲೇಬೇಕಾದರೆ, ಮೊದಲು ಕ್ರ್ಯಾಂಕ್ ಗ್ರೈಂಡಿಂಗ್‌ನ ಅಳತೆ ಚೀಟಿ ಕೇಳಬೇಕು. ಕ್ರ್ಯಾಂಕನ್ನು 0.50 ಮಿ.ಮೀ. ಇಳಿಸಿ 0.25ರ ಬೇರಿಂಗ್ ಹಾಕಿದ್ದರೆ, ಮಿಲಿಮೀಟರಿನ ನೂರನೆಯ ಕೆಲವೇ ಭಾಗಗಳಷ್ಟಿರಬೇಕಾದ ಸಂದು ಕಾಲು ಮಿಲಿಮೀಟರ್ ಮೀರಿರುತ್ತದೆ. ರಾಡ್‌ಗಳ ಕ್ಯಾಪ್ ಅದಲುಬದಲಾಗಿದೆಯೇ ಎಂಬುದನ್ನು ಅವುಗಳ ಮೇಲಿನ ಅಂಕಿಯೇ ಹೇಳುತ್ತದೆ. ಅಲ್ಲಿಯವರೆಗೆ ವಾಹನವನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಸರಿ. ಈಗ ಬೇರಿಂಗ್ ಬದಲಾವಣೆಯಲ್ಲಿ ಮುಗಿಯಬಹುದಾದ ಕೆಲಸ, ರಾಡ್ ತುಂಡಾಗಿ ಬ್ಲಾಕ್ ಒಡೆದ ಮೇಲೆ ಹೊಸ ಎಂಜಿನ್ ಖರೀದಿಯಾಗಿಬಿಡುತ್ತದೆ.