ಸ್ಯಾಕ್ಸೊಫೋನಿಗೆ ಒಲಿದ ಗಮಕ

ಸಂಗೀತಕ್ಕೆ ದೇಶಭಾಷೆಗಳ ಎಲ್ಲೆಯಿಲ್ಲವೆಂದು ಬಲ್ಲವರು ಹೇಳುತ್ತಾರೆ. ಆದರೆ ಒಂದು ನಾಡಿನ ವಾದ್ಯವು ಮತ್ತೊಂದು ನಾಡಿನ ಸಂಗೀತವನ್ನು ನುಡಿಯಬೇಕಾದರೆ ದೀರ್ಘಸಾಧನೆ ಅಗತ್ಯ. ಕದ್ರಿ ಗೋಪಾಲನಾಥರ ಬಾಳು ಇದಕ್ಕೆ ನಿದರ್ಶನ.

ಸ್ಯಾಕ್ಸೊಫೋನನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದನು. ಮೊದಲು ಸೈನ್ಯದ ಬ್ಯಾಂಡುಗಳಲ್ಲಿ ಮೊಳಗಿದ ಈ ವಾದ್ಯವು, 1930ರ ದಶಕದ ಅಮೆರಿಕದಲ್ಲಿ ಡ್ಯೂಕ್ ಎಲಿಂಗ್ಟನ್ನರಂತಹ ನಾಯಕರು ನಡೆಸುತ್ತಿದ್ದ ದೊಡ್ಡ ಜಾಸ್ ವಾದ್ಯವೃಂದಗಳ ಜೀವಾಳವಾಯಿತು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿಯೂ ಅದಕ್ಕೆ ಸ್ಥಾನ ದೊರೆತಿತ್ತು.

ಗೋಪಾಲನಾಥರು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರ ಡಿಸೆಂಬರ್ 6ರಂದು ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನಿಗೆ ಮೊದಲ ಗುರುವೂ ಅವರೇ. ಒಮ್ಮೆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ನಾದವನ್ನು ಕೇಳಿದ ಗೋಪಾಲನಾಥರು ಅದಕ್ಕೆ ಮಾರುಹೋದರು. ಅದರಲ್ಲಿಯೇ ಕರ್ನಾಟಕ ಸಂಗೀತವನ್ನು ನುಡಿಸಬೇಕೆಂದು ನಿಶ್ಚಯಿಸಿದರು.

ಅದು ಸುಲಭದ ಕಾರ್ಯವಾಗಿರಲಿಲ್ಲ. ನಾಗಸ್ವರದಲ್ಲಿ ಬೆರಳುಗಳೇ ರಂಧ್ರಗಳನ್ನು ಮುಚ್ಚಿ ತೆರೆಯುತ್ತವೆ. ರಂಧ್ರವನ್ನು ಅರ್ಧ ಮುಚ್ಚಿ ಸ್ವರವನ್ನು ಬಾಗಿಸಬಹುದು. ಸ್ಯಾಕ್ಸೊಫೋನಿನಲ್ಲಾದರೋ ರಂಧ್ರಗಳನ್ನು ಮುಚ್ಚುವುದು ಲೋಹದ ಕೀಲಿಗಳು. ಒಂದೊಂದು ಸ್ವರವೂ ಮೆಟ್ಟಿಲಿನಂತೆ ಬೇರೆಬೇರೆಯಾಗಿ ನಿಲ್ಲುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ಗಮಕವೇ ನಮ್ಮ ರಾಗಗಳ ಪ್ರಾಣ. ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ. ತುಟಿಯ ಬಿಗಿತವನ್ನೂ ಉಸಿರಿನ ಒತ್ತಡವನ್ನೂ ಹದಗೊಳಿಸಿ, ವಾದ್ಯದಲ್ಲಿಯೂ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡು, ಅವರು ಆ ಗಮಕವನ್ನು ಒಲಿಸಿಕೊಂಡರು. ಇದಕ್ಕೆ ಹಲವು ವರ್ಷಗಳೇ ಹಿಡಿದವು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರೂ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರೂ ಈ ಹಾದಿಯಲ್ಲಿ ಅವರ ಗುರುಗಳಾಗಿದ್ದರು.

1980ರ ಮುಂಬಯಿ ಜಾಸ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ಜೊತೆಗೂಡಿ ನುಡಿಸುವ ಬಯಕೆಯಿಂದ ವೇದಿಕೆಯನ್ನೇರಿದನು. ಜಾಸ್ ಸಂಗೀತದ ವಾದ್ಯದಲ್ಲಿ ಅಂದು ಎರಡು ಸಂಪ್ರದಾಯಗಳು ಸಂಧಿಸಿದವು. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಸಂಗೀತೋತ್ಸವದಲ್ಲಿ ನುಡಿಸಿದರು. 2004ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 2019ರ ಅಕ್ಟೋಬರ್ 11ರಂದು ಅವರು ನಿಧನರಾದರು.

ಎರಡು ಶತಮಾನಗಳ ಹಿಂದೆ ಪಿಟೀಲು ಕೂಡ ನಮಗೆ ಪರದೇಶದ ವಾದ್ಯವೇ ಆಗಿತ್ತು. ಇಂದು ಅದಿಲ್ಲದ ಕಚೇರಿ ಅಪರೂಪ. ವಾದ್ಯವು ಎಲ್ಲಿಯದೇ ಆಗಿರಲಿ, ಅದರಲ್ಲಿ ನಮ್ಮ ನಾದವನ್ನು ಹೊಮ್ಮಿಸುವುದು ನುಡಿಸುವವನ ಶ್ರದ್ಧೆ.